ಎರಡನೆಯ ಪೆಟ್ಟು

ಬಿಸಿಗೆ ಕಾದ ಆಡಿನ ತೊಗಲಿಗೆ ಒಂದು ವಾಸನೆ ಇದೆ. ಚೆನ್ನಾಗಿದೆ ಅಂತ ಯಾರೂ ಹೇಳಲಾರರು. ತುಸು ಕೊಟ್ಟಿಗೆ, ತುಸು ಹಳೆಯ ಚಪ್ಪಲಿ, ತುಸು ಸುಟ್ಟ ಕೂದಲು ಸೇರಿದ ಹಾಗಿರುತ್ತದೆ. ಕಳೆದ ಚಳಿಗಾಲದಲ್ಲಿ ಡನೀಡಿನ್‌ನಲ್ಲಿ ಸಹೋದ್ಯೋಗಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದೆ. ಗೋಡೆಗೆ ತೂಗುಹಾಕಲೆಂದು ಕೊಂಡು ತಂದಿದ್ದ ಹಳೆಯ ಡೋಲೊಂದನ್ನು ಅವಳು ಹೀಟರಿನ ಪಕ್ಕದಲ್ಲಿಯೇ ಇಟ್ಟುಬಿಟ್ಟಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಪಿನ ಬಟ್ಟಲು ಹಿಡಿದಿದ್ದ ನಾನು ಆ ಮನೆಯಲ್ಲಿ ಇರಲಿಲ್ಲ. ಆಕ್ಲೆಂಡಿನ ಏವನ್‌ಡೇಲಿನಲ್ಲಿ, ನಮ್ಮ ಬಾಡಿಗೆ ಮನೆಯ ಗರಾಜಿನಲ್ಲಿ, ಹನ್ನೊಂದು ವರ್ಷದವಳಾಗಿ, ನನ್ನ ಸೊಂಟಕ್ಕಿಂತ ಎತ್ತರದ ಡೋಲಿನ ಮುಂದೆ ಬಟ್ಟೆ ಸುತ್ತಿದ ಕೋಲು ಹಿಡಿದು ನಿಂತಿದ್ದೆ. ಉಪ್ಪು ಜಾಸ್ತಿಯಾಯಿತಾ ಎಂದು ಅವಳು ಕೇಳಿದಳು. ಇಲ್ಲ ಅಂದೆ. ನಿಮಗೂ ಎಂದಾದರೂ ಹೀಗೆ, ಬೇರೆಯವರ ಮನೆಯ ಊಟದ ಮಧ್ಯೆ, ನಿಮ್ಮ ಹಳೆಯ ಮನೆ ಎದ್ದು ಬಂದು ಎದುರು ಕೂತಿದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಮನೆ ಈಗಿಲ್ಲ. ಬಿಳಿ ಬಣ್ಣ ಸಿಪ್ಪೆಯೇಳುತ್ತಿದ್ದ ಹಲಗೆ ಗೋಡೆ, ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಹಾಗೆ ಸದ್ದು ಮಾಡುವ ತಗಡಿನ ಮಾಡು, ಹಣ್ಣು ಸುರಿಸಿ ಸುರಿಸಿ ಸಾಕಪ್ಪಾ ಸಾಕು ಅನಿಸುತ್ತಿದ್ದ ಫೀಜೋವಾ ಮರ, ಹಿತ್ತಲಿನಲ್ಲೊಂದು ಒಂಟಿ ಕೋಣೆ, ಅದಕ್ಕೆ ಅಂಟಿಕೊಂಡ ಗರಾಜು. ಅಷ್ಟನ್ನೂ ಕೆಡವಿ ಒಂದರ ಬೆನ್ನಿಗೊಂದು ಒರಗಿದ ಬೂದು ಬಣ್ಣದ ಮನೆಗಳನ್ನು ಕಟ್ಟಿದ್ದಾರೆ. ಅಪ್ಪನೂ ಈಗಿಲ್ಲ. ಅವರು ಮೈಸೂರಿನವರು, ಹಗಲೆಲ್ಲ ಸೇತುವೆಗಳ ನಕ್ಷೆ ನೋಡುವ ಎಂಜಿನಿಯರು, ಬೆಳಗಿನ ಕಾಫಿಗೆ ಮುಂಚೆ ಮಾತ್ರ ತಾಳದ ಮೇಷ್ಟ್ರು. ಹುಡುಗರಾಗಿದ್ದಾಗ ಮೃದಂಗ ಕಲಿತಿದ್ದರಂತೆ. ಮೃದಂಗವನ್ನು ಅಲ್ಲೇ ಬಿಟ್ಟು ಬಂದರೂ ತೊಡೆಯನ್ನು ಬಿಟ್ಟು ಬರಲಾಗಲಿಲ್ಲವಲ್ಲ, ಅದರ ಮೇಲೇ ನನಗೆ ಪಾಠ ನಡೆಯುತ್ತಿತ್ತು. "ಸಮ ಅಂದ್ರೆ ಮನೆ ಕಣೆ. ಎಲ್ಲಿ ಸುತ್ತಾಡಿದ್ರೂ ಮೊದಲನೇ ಪೆಟ್ಟಿಗೆ ಮನೆಗೆ ಬಂದುಬಿಡ್ಬೇಕು" ಅನ್ನುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಓಕೆ ಅಂದು, ನಿದ್ದೆಗಣ್ಣಿನಲ್ಲೇ ತೊಡೆ ತಟ್ಟುತ್ತಿದ್ದೆ.

ಲುಸಿಯಾ ಆಂಟಿ ನಮ್ಮ ಮನೆಗೆ ಬಂದದ್ದು ಮರಗೆಣಸಿನ ದೆಸೆಯಿಂದ. ಭಾನುವಾರ ಬೆಳಿಗ್ಗೆ ಏವನ್‌ಡೇಲಿನ ಸಂತೆಗೆ ಹೋಗುವುದೆಂದರೆ ಅಮ್ಮನಿಗೆ ಹಬ್ಬ. ಮೆಂತ್ಯ ಸೊಪ್ಪು, ಎಳೆ ಬೆಂಡೆಕಾಯಿ, ದ್ವೀಪದವರು ತರುವ ಕೆಸುವಿನ ಗಡ್ಡೆ ಎಲ್ಲವನ್ನೂ ಮುಟ್ಟಿ ಮುರಿದು ನೋಡದೆ ಅವಳು ಮುಂದೆ ಹೋದವಳೇ ಅಲ್ಲ. ಅಂಥ ಒಂದು ಬೆಳಿಗ್ಗೆ ಮರಗೆಣಸಿನ ರಾಶಿಯ ಆ ಕಡೆ ಗುಂಗುರು ಕೂದಲಿನ ಹೆಂಗಸೊಬ್ಬಳು ಗೆಣಸನ್ನು ಕೆನ್ನೆಗೊತ್ತಿಕೊಂಡು ಅಳುತ್ತಾ ನಗುತ್ತಾ ನಿಂತಿದ್ದಳು. ಬ್ರೆಜಿಲಿನ ಈಶಾನ್ಯದ ಕರಾವಳಿಯವಳು, ಅಲ್ಲಿ ಮರಗೆಣಸೇ ದಿನದ ಊಟವಂತೆ. ಇಲ್ಲಿ ಮಕ್ಕಳ ಆಟದ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು, ಇದ್ದ ಬಾಡಿಗೆ ಕೋಣೆ ಬಿಡಬೇಕಾಗಿ ಬಂದಿತ್ತು. ಅಮ್ಮ ಅವಳಿಗೆ ಗಡ್ಡೆ ಆರಿಸಿಕೊಟ್ಟಳು, ಬೇಯಿಸಿ ಒಗ್ಗರಣೆ ಹಾಕುವುದನ್ನು ಕೈಸನ್ನೆಯಲ್ಲೇ ಹೇಳಿದಳು, ಮಾತು ಮುಗಿಯುವಷ್ಟರಲ್ಲಿ ನಮ್ಮ ಹಿತ್ತಲಿನ ಕೋಣೆಯನ್ನೂ ಕೊಟ್ಟುಬಿಟ್ಟಿದ್ದಳು. ಅಪ್ಪ ಗೊಣಗಿದರು. ಅಮ್ಮ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

ಲುಸಿಯಾ ಆಂಟಿಯ ಹಿಂದೆ ಅವಳ ಡೋಲುಗಳೂ ಬಂದವು. ಸುರ್ದು ಅನ್ನುವ ಆ ದೊಡ್ಡ ಡೋಲು, ಪಾಂದೇರು ಅನ್ನುವ ಗೆಜ್ಜೆಬಿಲ್ಲೆಯ ಕೈಡೋಲು, ಕಬ್ಬಿಣದ ತ್ರಿಕೋಣ, ಕಾಳು ತುಂಬಿದ ತಗಡಿನ ಗಿಲಕಿ. ಪಾಂದೇರು ನೋಡಿದ ಅಪ್ಪ "ಇದು ನಮ್ಮ ಖಂಜಿರ ಕಣೆ, ಬರೀ ದಪ್ಪ ಆಗಿದೆ!" ಎಂದು ಅದನ್ನು ಕೈಯಿಂದ ಬಿಡಲೇ ಒಲ್ಲರು. ಭಾನುವಾರ ಮಧ್ಯಾಹ್ನ ಗರಾಜಿನಲ್ಲಿ ಪಾಠ ಶುರುವಾಯಿತು. ಬಸ್ ಓಡಿಸುವ, ಟಾಂಗಾ ದ್ವೀಪದ ಸಿಯೋನೆ ಅಂಕಲ್, ಅವರ ಚರ್ಚಿನಲ್ಲಿ ಹಾಡುವ ಕೆಲವರು, ಬೀದಿಯ ಮಕ್ಕಳು, ಅಮ್ಮ, ನಾನು. ಆಕ್ಲೆಂಡಿನ ತೇವಕ್ಕೆ ತೊಗಲು ಸಡಿಲವಾಗಿ ನೆನೆದ ರೊಟ್ಟಿಯಂತೆ ಸದ್ದು ಮಾಡುತ್ತಿತ್ತು. ಆಂಟಿ ಹೀಟರಿನ ಮುಂದೆ ಡೋಲಿಟ್ಟು ಕಾಯುತ್ತಾ ಕೂರುತ್ತಿದ್ದರೆ ಅಮ್ಮನಿಗೆ ತಾಳ್ಮೆಯೇ ಇಲ್ಲ. ಪಾಂದೇರನ್ನು ಒಳಗೆ ಒಯ್ದು ಗ್ಯಾಸ್ ಉರಿಯ ಮೇಲೆ ಹಪ್ಪಳದ ಹಾಗೆ ತಿರುಗಿಸಿ ಬಿಸಿ ಮಾಡಿ ತಂದುಬಿಟ್ಟಳು. ತಟ್ಟಿದರೆ ಟಣ್ ಅಂದಿತು. "ನಮ್ಮೂರಲ್ಲಿ ತಮಟೆ ಹೀಗೇ ಕಾಯಿಸ್ತಾರೆ. ನಂಗೆ ಹತ್ರ ಹೋಗೋಕೆ ಬಿಡ್ತಿರ್ಲಿಲ್ಲ ಅಷ್ಟೆ" ಅಂದಳು. ಆ ದಿನದಿಂದ ಕಾಯಿಸುವ ಕೆಲಸ ಅಮ್ಮನದೇ ಆಯಿತು, ಗಿಲಕಿಯೂ ಅಮ್ಮನ ಪಾಲಿಗೇ ಬಂತು.

ಎಲ್ಲ ಸರಿ, ಆದರೆ ಲುಸಿಯಾ ಆಂಟಿ ಚಹಾ ಕುಡಿಯುವಾಗ ಸುರ್ದುವಿನ ಮೇಲೇ ಕೂತುಬಿಡುತ್ತಿದ್ದಳು. ಕಾಲಿನ ಬೆರಳು ವಾದ್ಯಕ್ಕೆ ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಅಪ್ಪ ಕಿಟಕಿಯಿಂದ ನೋಡಿ "ವಾದ್ಯದ ಮೇಲೆ ಕೂತಿದ್ದಾಳಲ್ಲೇ!" ಎಂದು ತಲೆ ಚಚ್ಚಿಕೊಂಡರು. ಎದುರಿಗೆ ಹೇಳಲು ಸಂಕೋಚ. ಪ್ರತಿ ಭಾನುವಾರ ಮಾತಿಲ್ಲದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವಳ ಪಕ್ಕ ಇಟ್ಟು ಹೋಗುತ್ತಿದ್ದರು. ಅವಳು ಥ್ಯಾಂಕ್ಯೂ ಎಂದು ಅದರ ಮೇಲೆ ಕೋಟು ಹಾಕುತ್ತಿದ್ದಳು. ಆಯುಧಪೂಜೆಯ ದಿನ ಅಮ್ಮ ಕಾರಿನ ಜೊತೆಗೆ ಡೋಲುಗಳನ್ನೂ ಸಾಲಾಗಿ ನಿಲ್ಲಿಸಿ, ಕುಂಕುಮ ಇಟ್ಟು, ಹೂವೇರಿಸಿ, ಮಂಗಳಾರತಿ ಮಾಡಿದಳು. ಕೆಲಸದಿಂದ ಬಂದ ಆಂಟಿ ಗರಾಜಿನ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ತನ್ನ ಅಜ್ಜಿಯೂ ಡೋಲಿಗೆ ಹೂವಿಡುತ್ತಿದ್ದಳು, ಊರು ಬಿಟ್ಟ ಮೇಲೆ ಎಲ್ಲ ಮರೆತೇ ಹೋಗಿತ್ತು ಅಂದಳು. ಮುಂದಿನ ವಾರ ಚಹಾ ಹೊತ್ತಿಗೆ ಅವಳು ಕುರ್ಚಿಯಲ್ಲಿ ಕೂತಿದ್ದನ್ನು ಅಪ್ಪ ಕಿಟಕಿಯಿಂದ ನೋಡಿ ನೋಡಿ ಸಂತೋಷಪಟ್ಟರು.

ಇಲ್ಲಿ ದಸರೆಯ ಹೊತ್ತಿಗೇ ವಸಂತ. ಆ ವಸಂತದಲ್ಲೇ ಅವಳ ವೀಸಾ ಮುಂದುವರಿಯುವುದಿಲ್ಲ ಎಂದು ತಿಳಿಯಿತು. ಬೇಸಿಗೆಯಲ್ಲಿ ಪಾರ್ಕಿನಲ್ಲಿ ಒಂದು ಸಲ ಎಲ್ಲರೂ ಸೇರಿ ಬಾರಿಸಿ ಕುಣಿದು, ಆಮೇಲೆ ಅವಳು ಊರಿಗೆ ಹೊರಡಬೇಕು. ಅವಳೇ ಹೇಳಿದಳು: ದೊಡ್ಡ ಡೋಲು ಹಿಡಿಯುವ ಒಬ್ಬರಿದ್ದರೆ ಈ ಭಾನುವಾರದ ಕೂಟ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ, ಹಿಡಿದವರಿಗೆ ಡೋಲು ಬಿಟ್ಟು ಹೋಗುತ್ತೇನೆ. ನಾನು ಕೈಯೆತ್ತಿದ್ದು ನನಗೇ ತಿಳಿಯಲಿಲ್ಲ. ಶಾಲೆಯಲ್ಲಿ ಮಾತೇ ಆಡದ ಹುಡುಗಿ ನಾನು. ವಾರವಿಡೀ ಆ ಗರಾಜಿಗಾಗಿ ಕಾಯುತ್ತಿದ್ದೆ, ಅದು ಹೋಗಿಬಿಟ್ಟರೆ ಉಳಿದ ವಾರವನ್ನು ಏನು ಮಾಡಬೇಕು ಎಂದು ನನಗೆ ಹೆದರಿಕೆಯಾಗಿತ್ತು.

ಸಿಯೋನೆ ಅಂಕಲ್ ಕೈಗೆ ತ್ರಿಕೋಣ ಹೋಯಿತು, ನನ್ನ ಮುಂದೆ ಸುರ್ದು ಬಂತು. ಆಂಟಿಯ ಊರಿನ ಸಾಂಬಾ ಕುಣಿತದಲ್ಲಿ ಎಲ್ಲರೂ ದುಂಡಗೆ ನಿಂತು ಚಪ್ಪಾಳೆ ತಟ್ಟುತ್ತಾರೆ, ಒಬ್ಬೊಬ್ಬರೇ ನಡುವೆ ಬಂದು ಕುಣಿದು ಹೋಗುತ್ತಾರೆ. ದೊಡ್ಡ ಡೋಲಿಗೆ ಇರುವುದು ಎರಡೇ ಪೆಟ್ಟು. ಮೊದಲನೆಯದು ಮೆಲ್ಲಗೆ, ಇನ್ನೊಂದು ಕೈಯಿಂದ ತೊಗಲನ್ನು ಅದುಮಿ, ಸದ್ದಡಗಿಸಿ. ಎರಡನೆಯದು ಕೈಬಿಟ್ಟು, ನೆಲ ನಡುಗುವ ಹಾಗೆ. ಇಷ್ಟೇ. ನನ್ನ ಕೈಗೆ ಇಷ್ಟೂ ಆಗಲಿಲ್ಲ. ದೇವಸ್ಥಾನದ ಎದುರು ಹಾದುಹೋಗುವಾಗ ಕೈ ತಾನೇ ಮುಗಿಯುವ ಹಾಗೆ, ಸಮ ಬಂತೆಂದರೆ ನನ್ನ ಕೋಲು ಅಲ್ಲಿಯೇ ಧಡ್ ಎಂದು ಬೀಳುತ್ತಿತ್ತು. ನಡುವೆ ಕುಣಿಯುತ್ತಿದ್ದವರ ಕಾಲು ತೊಡರುತ್ತಿತ್ತು. "ಪೊಲೀಸ್ ಪರೇಡ್ ಆಯ್ತು!" ಎಂದು ಸಿಯೋನೆ ಅಂಕಲ್ ಹೊಟ್ಟೆ ಹಿಡಿದು ನಗುತ್ತಿದ್ದರು. ಅದು ಸಾಲದೆಂಬಂತೆ, ಕೈ ಹುರುಪಿಗೆ ಬಂದಾಗ ಅಪ್ಪ ಕಲಿಸಿದ ಹಾಗೆ ಮೂರು ಸಲ ಮುಕ್ತಾಯ ಹಾಕಿ, ಸಮಕ್ಕೆ ಬಂದು, ಗತ್ತಿನಿಂದ ನಿಲ್ಲಿಸಿಬಿಡುತ್ತಿದ್ದೆ. ಕುಣಿಯುವವಳು ಒಂದು ಕಾಲೆತ್ತಿಕೊಂಡು ಗಾಳಿಯಲ್ಲೇ ನಿಂತಿರುತ್ತಿದ್ದಳು. ಲುಸಿಯಾ ಆಂಟಿ ನಗುತ್ತಿರಲಿಲ್ಲ. ಡೋಲು ಬದಿಗಿಡಿಸಿ, ನನ್ನೆರಡು ಕೈ ಹಿಡಿದು, ಗರಾಜಿನ ಹಳೆ ಕಾರ್ಪೆಟ್ಟಿನ ಮೇಲೆ ಕುಣಿಸುತ್ತಿದ್ದಳು. ಕೈಗೆ ಕಲಿಸಬೇಡ, ಕಾಲಿಗೆ ಕಲಿಸು ಅನ್ನುತ್ತಿದ್ದಳು. ಕಾಲಿಗೆ ಬರುತ್ತಿತ್ತು. ಕೋಲು ಹಿಡಿದ ಕೂಡಲೇ ಮತ್ತೆ ಧಡ್.

ಇದೆಲ್ಲ ಅಪ್ಪನಿಗೆ ಕೇಳುತ್ತಿತ್ತು. ಭಾನುವಾರ ಅದೇ ಹೊತ್ತಿಗೆ ಅವರಿಗೆ ಹುಲ್ಲು ಕತ್ತರಿಸಲೇಬೇಕು. ಗರಾಜಿನ ಎದುರಿನ ಹುಲ್ಲಂತೂ ಬೋಳಿಸಿದ ತಲೆಯಂತಾಗಿತ್ತು, ಆದರೂ ಬಿಡರು. ಒಂದು ಸಲ ತಡೆಯಲಾರದೆ ಒಳಗೆ ನುಗ್ಗಿ, ಸಮವನ್ನು ಅದುಮುವ ತಾಳ ಯಾವ ತಾಳ ಎಂದು ಆಂಟಿಯೊಡನೆ ವಾದಕ್ಕೇ ಇಳಿದರು. ಅವರು ತೊಡೆ ತಟ್ಟಿದರು, ಅವಳು ಕಾಲು ಕುಣಿಸಿದಳು, ಇಬ್ಬರ ಇಂಗ್ಲಿಷೂ ಮುಗಿದು ಕೊನೆಗೆ ಒಬ್ಬರು ಕನ್ನಡದಲ್ಲಿ, ಒಬ್ಬರು ಪೋರ್ಚುಗೀಸಿನಲ್ಲಿ ಜಗಳವಾಡಿದರು. ಅಮ್ಮ "ರೀ, ಚಟ್ನಿ ರುಬ್ಬಬೇಕು, ಬನ್ನಿ" ಎಂದು ಎಳೆದುಕೊಂಡು ಹೋದಳು. ಆ ವಾರವೆಲ್ಲ ಅಪ್ಪ ಗಂಟುಮುಖ ಹಾಕಿಕೊಂಡೇ ಆಫೀಸಿಗೆ ಹೋಗಿ ಬಂದರು. ಶನಿವಾರ ಬೆಳಿಗ್ಗೆ ಕಾಫಿಗೆ ಮುಂಚೆ ನನ್ನನ್ನು ಎಬ್ಬಿಸಿ ಎದುರು ಕೂರಿಸಿಕೊಂಡರು. ತುಟಿಯಲ್ಲೇ ಒಂದು ಚಿಕ್ಕ "ತ", ಆಮೇಲೆ ಹೊಟ್ಟೆಯಿಂದ ಒಂದು "ಧೋಂ". "ತ ಧೋಂ, ತ ಧೋಂ. ಅವಳು ಸಮ ಬಿಟ್ಟಿಲ್ಲ ಕಣೆ, ನಾನೇ ದಡ್ಡ. ಮನೆ ಇದ್ದೇ ಇದೆ. ಇದೀನಿ ಇದೀನಿ ಅಂತ ಅದು ಕೂಗ್ಬೇಕಾ?" ಅಂದರು. ನಾನು ತೊಡೆಯ ಮೇಲೆ ಮೆಲ್ಲಗೆ ತ ಅಂದೆ, ಜೋರಾಗಿ ಧೋಂ ಅಂದೆ. ಬಂತು! ಇನ್ನೊಮ್ಮೆ ಬಂತು. ಅಡುಗೆಮನೆಯಿಂದ ಅಮ್ಮ ಸೌಟಿನಲ್ಲೇ ಜೊತೆಗೂಡಿದಳು, ಅಪ್ಪ ಎದ್ದು ಪಂಚೆ ಎತ್ತಿಕಟ್ಟಿಕೊಂಡು ಕುಣಿದರು. ಅವರು ಕುಣಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಯಾರೂ ಬೈಯಲಿಲ್ಲ.

ಪಾರ್ಕಿನ ದಿನವನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಬಿಸಿಲೆಂದರೆ ಬಿಸಿಲು, ತೊಗಲು ತಾನೇ ಬಿಗಿದು ನಿಂತಿತ್ತು. ಸೀರೆಯುಟ್ಟ ಆಂಟಿಯರು, ಚರ್ಚಿನ ಹೂಟೋಪಿಯ ಹೆಂಗಸರು, ಬರಿಗಾಲಿನ ಮಕ್ಕಳು ಎಲ್ಲ ಸೇರಿ ಸುತ್ತು ದೊಡ್ಡದಾಗುತ್ತಾ ಹೋಯಿತು. ಲುಸಿಯಾ ಆಂಟಿ ಬಿಳಿ ಲಂಗದ ಅಂಚು ಹಿಡಿದು ನಡುವೆ ಇಳಿದಳು. ನನ್ನ ಕೈ ಸರಿಯಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಯಾರೋ ಕ್ಯಾಮೆರಾ ಹಿಡಿದು ಎದುರು ಬಂದರು, ನಾನು ಅತ್ತ ನೋಡಿದೆ, ಧಡ್, ಮೊದಲನೆಯದರ ಮೇಲೆ ಬಿತ್ತು. ಮತ್ತೆ ಬಿತ್ತು. ಆಂಟಿಯ ಹೆಜ್ಜೆ ತಪ್ಪಿದ್ದನ್ನು ಕಂಡೆ. ಆಗ ಗುಂಪಿನ ಹಿಂದಿನಿಂದ, ಮದುವೆಮನೆಯಲ್ಲೂ ದನಿಯೇರಿಸದ ನಮ್ಮಪ್ಪ, ಪಾರ್ಕಿಗೆ ಪಾರ್ಕೇ ತಿರುಗಿ ನೋಡುವ ಹಾಗೆ ಕೂಗಿದರು: "ತ ಧೋಂ! ತ ಧೋಂ!" ಸಿಯೋನೆ ಅಂಕಲ್ ಅದನ್ನೇ ಹಿಡಿದರು, ಅವರ ಚರ್ಚಿನವರು ಹಿಡಿದರು, ಸುತ್ತು ಪೂರ್ತಿ ತ ಧೋಂ ಅನ್ನತೊಡಗಿತು. ನನ್ನ ಕೋಲು ಎರಡನೆಯದರ ಮೇಲೆ ಹೋಗಿ ಕೂತಿತು. ಆಂಟಿ ಒಮ್ಮೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ತಿರುಗಿದಳು. ಅಂಥ ಖುಷಿ ನನಗೆ ಆಮೇಲೆ ಎಷ್ಟೋ ಸಲ ಸಿಕ್ಕಿರಬಹುದು, ಆದರೆ ಅಷ್ಟು ಜೋರಾಗಿ ಸಿಕ್ಕಿಲ್ಲ.

ಅವಳು ಡೋಲು ನಮ್ಮಲ್ಲೇ ಬಿಟ್ಟು ಹೊರಟಳು. ವಿಮಾನ ನಿಲ್ದಾಣದಲ್ಲಿ ಅಮ್ಮನ ಹೆಗಲಿಗೆ ಮುಖವಿಟ್ಟು, ಭಾನುವಾರ ನಿಲ್ಲಿಸಬೇಡಿ ಅಂದಳು. ಮುಂದಿನ ಭಾನುವಾರ ಬೆಳಿಗ್ಗೆಯಿಂದ ಮಳೆ. ಅಮ್ಮ ಗರಾಜು ಗುಡಿಸಿ ತೊಗಲು ಕಾಯಿಸಿಟ್ಟಳು. ಹೊತ್ತಾದರೂ ಯಾರ ಸುಳಿವಿಲ್ಲ. ಅಪ್ಪ ಬೀದಿಗೂ ಗರಾಜಿಗೂ ಓಡಾಡಿದರು. ನಾನು ಡೋಲಿನ ಮುಂದೆ ನಿಂತು, ಮುಗಿದೇ ಹೋಯಿತು ಅಂದುಕೊಂಡೆ. ಕಡೆಗೆ ಸಿಯೋನೆ ಅಂಕಲ್ಲಿನ ಯೂಟ್ ಅನ್ನುವ ಸಾಮಾನು ಗಾಡಿ ಗೇಟಿನಲ್ಲಿ ತಿರುಗಿತು, ಅದರಿಂದ ಕೊಡೆಗಳು ಇಳಿದವು, ಅವುಗಳ ಹಿಂದೆ ಪಾರ್ಕಿನಲ್ಲಿ ಕಂಡಿದ್ದ ಹೊಸ ಮುಖಗಳೂ ಬಂದವು. ಬಾರಿಸಲು ಶುರುಮಾಡಿದ್ದೇವೋ ಇಲ್ಲವೋ, ಮನೆಯೊಳಗೆ ಫೋನು ಬಡಿದುಕೊಂಡಿತು. ನಮ್ಮ ಕಾರ್ಡ್‌ಲೆಸ್ ಫೋನು ಗರಾಜಿನವರೆಗೆ ಬರುತ್ತಿರಲಿಲ್ಲ, ಅಡುಗೆಮನೆಯ ಮೆಟ್ಟಿಲು ದಾಟಿದರೆ ಗೊರಗೊರ ಅಂದು ಸಾಯುತ್ತಿತ್ತು. ಅಪ್ಪ ಆ ಕೊನೆಯ ಮೆಟ್ಟಿಲಿನಲ್ಲಿ, ಮಾಡಿನ ನೀರು ತಲೆಯ ಮೇಲೇ ಸುರಿಯುವಲ್ಲಿ ನಿಂತು ಕೂಗಿದರು: "ಲುಸಿಯಾ ಕಣೆ! ಅವಳಿಗಿನ್ನೂ ಶನಿವಾರವಂತೆ! ಹೊಡಿ, ನಿಲ್ಲಿಸ್ಬೇಡ!" ಫೋನು ಹಿಡಿದ ಕೈಯನ್ನು ನಮ್ಮತ್ತ ಆದಷ್ಟೂ ಚಾಚಿದರು.

ಮಾಲೀಕರು ಆ ಮನೆ ಮಾರುವವರೆಗೆ ಆಮೇಲೆ ಎಷ್ಟೋ ಭಾನುವಾರ ಬಾರಿಸಿದೆವು. ಅವೆಲ್ಲ ಒಂದರೊಳಗೊಂದು ಕಲಸಿಹೋಗಿವೆ, ಇದೊಂದು ಮಾತ್ರ ಹಾಗೇ ಇದೆ. ಮಳೆಯ ಸದ್ದನ್ನು ಮೀರಿ ಕೇಳಿಸಬೇಕೆಂದು ಮೈಯೆಲ್ಲ ಕೈಯಾಗಿ ಬಾರಿಸಿದೆ. ಅಮ್ಮ ಗಿಲಕಿ ಆಡಿಸುತ್ತಾ, ಆಂಟಿ ಕಲಿಸಿದ್ದ ಹಾಡನ್ನು ಅರ್ಥ ಗೊತ್ತಿಲ್ಲದೆಯೇ ಎತ್ತಿ ಹಾಡಿದಳು. ನಮ್ಮ ತೋಳು ಸೋಲುವವರೆಗೂ ನಿಲ್ಲಿಸಲಿಲ್ಲ. ನಿಲ್ಲಿಸಿದಾಗ ಅಪ್ಪ ಫೋನನ್ನು ಕಿವಿಗಿಟ್ಟರು. ಬರೀ ಕುಂಯ್ ಎನ್ನುವ ಸದ್ದು. ಅವಳ ಫೋನ್ ಕಾರ್ಡು ಮುಗಿದಿತ್ತೋ, ಲೈನು ಕಡಿದಿತ್ತೋ, ಅದೂ ಯಾವಾಗಲೋ. "ಕೇಳಿಸ್ತಂತಾ?" ಎಂದು ಅಮ್ಮ ಕೇಳಿದಳು. "ಕೇಳಿಸ್ದೆ ಏನು" ಅಂದರು ಅಪ್ಪ, ಮುಖದ ನೀರು ಒರೆಸಿಕೊಳ್ಳುತ್ತಾ. ಅವರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ಬಾರಿಸುವಷ್ಟು ಹೊತ್ತೂ ನಾನು ಅವರನ್ನೇ ನೋಡುತ್ತಿದ್ದೆ, ಆ ಕಡೆ ಯಾರಾದರೂ ಇದ್ದರೋ ಇಲ್ಲವೋ, ಮಳೆಯಲ್ಲಿ ನಿಂತ ನಮ್ಮಪ್ಪನ ಕೈ ಒಮ್ಮೆಯೂ ಕೆಳಗಿಳಿಯಲಿಲ್ಲ.