ಸ್ಕಾಟ್‌ಲೆಂಡಿನವರ ಅಜ್ಜಿ, ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಬದುಕಿದ್ದಾರೆ ಎಂಬ ಒಂದು ಮಾತನ್ನು ನಾನು ನನ್ನ ತಂಗಿಗೆ ಹೇಳಲಿಲ್ಲ. ಮರೆತದ್ದಲ್ಲ. ಬೇಕೆಂದೇ ಹೇಳಲಿಲ್ಲ.

ಅಮ್ಮ ಕೈಗೂಸಾಗಿದ್ದ ತಂಗಿಯನ್ನು ಎತ್ತಿಕೊಂಡು ಅಪ್ಪನಿದ್ದ ನೈರೋಬಿಗೆ ಬಂದಳು, ಬಂದು ಸ್ವಲ್ಪ ಕಾಲಕ್ಕೇ ತೀರಿಕೊಂಡಳು. ನಾನು ತುಳುನಾಡಿನ ನಮ್ಮ ಊರಿನಲ್ಲೇ ಉಳಿದಿದ್ದೆ. ಕಡಲ ದಂಡೆಯಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸುತ್ತಿದ್ದ ದೊಡ್ಡಮ್ಮನೇ, ಅಂದರೆ ಅಮ್ಮನ ಅಕ್ಕ, ನನ್ನನ್ನು ಸಾಕಿದ್ದು. ಆಮೇಲೆ ಅಪ್ಪ ನನ್ನನ್ನೂ ಕರೆಸಿಕೊಂಡರು. ದೊಡ್ಡಮ್ಮನ ಮಾತನ್ನು ತಂಗಿಯ ಮುಂದೆ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಗಿಯನ್ನು ಶಾಲೆಗೆ ಹಾಕಿದರು, ನನ್ನನ್ನು ಎಂಬಕಸಿಯಲ್ಲಿ ವಿಮಾನದ ಸರಕು ಇಳಿಸುವ ಗೋದಾಮಿಗೆ ಸೇರಿಸಿದರು. ಊರಿನ ಕನ್ನಡ ಶಾಲೆಯಲ್ಲಿ ಕಲಿತ ಅಷ್ಟಿಷ್ಟೇ ನನ್ನ ವಿದ್ಯೆ. ತಂಗಿ ನೈರೋಬಿಯ ಲ್ಯಾವಿಂಗ್ಟನ್ನಿನ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರಾದಳು.

ಎಂಬತ್ತರ ದಶಕದ ಕೊನೆಗೆ, ಅವಳ ಜೊತೆ ಕೆಲಸ ಮಾಡುತ್ತಿದ್ದ ಸ್ಕಾಟ್‌ಲೆಂಡಿನ ಮುದುಕಿಯೊಬ್ಬಳು ತನ್ನ ದೇಶಕ್ಕೆ ಹೊರಟಳು. ಹೊರಡುವಾಗ ತನ್ನ ಪುಸ್ತಕಗಳನ್ನೆಲ್ಲ ತಂಗಿಗೆ ಕೊಟ್ಟಳು. ಒಂದರಲ್ಲಾದರೂ ಕಥೆ ಇರಲಿಲ್ಲ. ಅಲ್ಲಿನ ದ್ವೀಪಗಳು, ಮೀನುಗಾರರ ಬಂದರುಗಳು, ಯಾರು ಯಾರ ಮೊಮ್ಮಗ, ಯಾವ ಕುಲದವರ ಬಟ್ಟೆಗೆ ಯಾವ ಚೌಕಳಿ, ಬರೀ ಇದೇ. ಅಪ್ಪ ತೀರಿಕೊಂಡ ಮೇಲೆ ತಂಗಿ ಪ್ರತಿ ಭಾನುವಾರ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದಳು. ಈಗ ಆ ಪುಸ್ತಕಗಳೂ ಬರತೊಡಗಿದವು. ನನ್ನ ಹೆಂಡತಿಗೆ ಅರ್ಧ ತುಳು, ಅರ್ಧ ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದಳು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅತ್ತಿಗೆ, ಇದು ನೋಡಿ. ಈ ಫ್ಯಾಮಿಲಿಯವರು ಸೆವೆನ್ ಜನರೇಶನ್ಸ್ ಬರೆದಿಟ್ಟಿದ್ದಾರೆ. ಯಾರು ಯಾವ ಬೋಟಲ್ಲಿ ಸತ್ತದ್ದು ಅಂತ ಕೂಡ."

"ಸತ್ತವರು ನಿನಗೆಂತ ಆಗಬೇಕು?" ಅಂದೆ ನಾನು. "ಮಾವನಾ?"

"ಅಣ್ಣ, ಪ್ಲೀಸ್."

"ಅಲ್ಲ ಮಾರಾಯ್ತಿ, ಸೂತಕ ಉಂಟಾ ಅಂತ ಕೇಳಿದ್ದು. ಉಂಟಾದರೆ ಇವತ್ತು ಮೀನು ಮಾಡುವುದು ಬೇಡ ಅಲ್ವಾ?"

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಂಗಿ ನಗಲಿಲ್ಲ.

ಇನ್ನೊಂದು ಭಾನುವಾರ ಒಂದು ಚಿತ್ರ ತೋರಿಸಿದಳು. ಬಂದರಿನ ಕಟ್ಟೆಯ ಮೇಲೆ ಸಾಲಾಗಿ ನಿಂತು ಮೀನು ಕೊಯ್ಯುವ ಹೆಂಗಸರು. ಎಲ್ಲರ ಬೆರಳುಗಳಿಗೂ ಚಿಂದಿ ಬಟ್ಟೆ ಸುತ್ತಿತ್ತು. ಚೂರಿ ತಾಗದಿರಲಿ, ತಾಗಿದ ಗಾಯಕ್ಕೆ ಉಪ್ಪು ಇಳಿಯದಿರಲಿ ಎಂದು. ಅದನ್ನು ಓದಿ ಹೇಳುವಾಗ ಅವಳ ಕಣ್ಣು ತುಂಬಿತು.

ದೊಡ್ಡಮ್ಮನೂ ಹಳೆಯ ಸೀರೆ ಹರಿದು ಹೀಗೇ ಸುತ್ತಿಕೊಳ್ಳುತ್ತಿದ್ದರು. ಒಂದೇ ಕೈಯಲ್ಲಿ ಗಂಟು ಹಾಕಲಾಗದೆ ಬೆರಳನ್ನು ನನ್ನ ಕಡೆ ಚಾಚುತ್ತಿದ್ದರು. ಕಟ್ಟುತ್ತಿದ್ದವನು ನಾನು. ಅದನ್ನು ಆಗಲೇ ಹೇಳಿದ್ದರೆ ತಂಗಿ ಆ ಪುಸ್ತಕ ಮುಚ್ಚಿ ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಆದರೆ ನನಗೆ ಉರಿಯಿತು. ಅದೇ ಮೀನಿನ ವಾಸನೆಗೆ ಶಾಲೆಯಲ್ಲಿ ನನ್ನನ್ನು ಬೇರೆ ಕೂರಿಸುತ್ತಿದ್ದರು. ಅದೇ ಕೆಲಸ ಇಂಗ್ಲಿಷಿನಲ್ಲಿ ಅಚ್ಚಾದಾಗ ಇವಳಿಗೆ ಅಳು ಬರುತ್ತದೆ.

"ಮೊದಲು ತಟ್ಟೆಯಲ್ಲಿರುವ ಮೀನಿನ ಮುಳ್ಳು ಬಿಡಿಸಲು ಕಲಿ. ಆಮೇಲೆ ಅಳು," ಎಂದೆ.

ನೈರೋಬಿಯ ತುಳುವರಲ್ಲಿ ಯಾರೋ ಅವಳಿಗೆ ಹೇಳಿದ್ದರು, ಸ್ಕಾಟ್‌ಲೆಂಡಿನವರ ಕುಲದಂತೆ ನಮಗೂ 'ಬರಿ' ಉಂಟು, ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ ಎಂದು. ಅಪ್ಪ ಎಲ್ಲ ಕಡೆಯೂ ತಮ್ಮ ಹೆಸರನ್ನೇ ಬರೆಸಿದ್ದರಿಂದ ಅವಳಿಗೆ ಅದು ಗೊತ್ತಿರಲಿಲ್ಲ.

"ಅಣ್ಣ, ನಮ್ಮ ಬರಿ ಯಾವುದು?"

"ನಮ್ಮದಾ? ಬರೀ ಬರಿ. ಒಳಗೆ ಎಂತದೂ ಇಲ್ಲ."

"ಜೋಕ್ ಬೇಡ. ಅಮ್ಮನ ಕಡೆ ಒಬ್ಬರೂ ಉಳಿದಿಲ್ವಾ? ಕೇಳಿ ಬರೆದಿಡ್ಬೇಕು ಅಂತಿದ್ದೇನೆ. ಅಮ್ಮನ ಮುಖ ಕೂಡ ನನಗೆ ನೆನಪಿಲ್ಲ."

"ಎಲ್ಲ ಸತ್ತರು."

ಆಗ ನನಗೆ ಊರಿನ ಸುದ್ದಿಯೇ ಇರಲಿಲ್ಲ, ಸತ್ತರು ಎಂದದ್ದು ಬಾಯಿಗೆ ಬಂದ ಮಾತು. ಆದರೆ ಕೆಲವು ತಿಂಗಳಾದ ಮೇಲೆ ನಮ್ಮೂರಿನ ಒಬ್ಬರು ವಿಮಾನ ಇಳಿದವರು ನನ್ನನ್ನು ಹುಡುಕಿಕೊಂಡು ಗೋದಾಮಿಗೇ ಬಂದರು.

"ನಿಮ್ಮ ದೊಡ್ಡಮ್ಮನಿಗೆ ಕಣ್ಣು ಮಂಜಾಗಿದೆ. ಬಾಯಿ ಮಾತ್ರ ಮೊದಲಿನ ಹಾಗೇ ಉಂಟು. ಆ ಕೂಸು ಹೇಗಿದೆ, ತಾಯಿಯ ಹಾಗೆ ಇದೆಯಾ ಅಂತ ಸಿಕ್ಕಿದವರ ಹತ್ತಿರ ಎಲ್ಲ ಕೇಳ್ತಾರೆ," ಎಂದರು.

ನಾನು ಅವರಿಗೆ ಚಹಾ ಕುಡಿಸಿ ಕಳಿಸಿದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಆ ವರ್ಷವೇ ತಂಗಿ ಗೆಳತಿಯ ಮದುವೆಗೆ ಬೆಂಗಳೂರಿಗೆ ಹೊರಟಳು. ಹೊರಡುವ ಮುಂಚೆ ನಮ್ಮ ಮನೆಗೆ ಬಂದಳು.

"ಅಣ್ಣ, ಬೆಂಗಳೂರಿಂದ ಊರಿಗೆ ಬಸ್ ಉಂಟಂತೆ. ಹೋಗಿ ಬರ್ಲಾ? ಮಾತಾಡ್ಸೋಕೆ ಯಾರಾದ್ರೂ ಸಿಗ್ತಾರಾ?"

"ಮನೆಯೇ ಬಿದ್ದುಹೋಗಿದೆ. ಮರಳಿನ ಹತ್ತಿರ ಎಂತ ಮಾತಾಡ್ತಿ?"

ಅವಳು ನಂಬಿದಳು. ಮದುವೆ ಮುಗಿಸಿ ಹಾಗೇ ಹಿಂದಿರುಗಿದಳು. ಬರುವಾಗ ನನಗೊಂದು ಅಂಗಿ ತಂದಿದ್ದಳು. ನಾನು ಅದನ್ನು ನಾಚಿಕೆಯಿಲ್ಲದೆ ಹಾಕಿಕೊಂಡು ತಿರುಗಿದೆ.

ಮುಂದಿನ ದೀಪಾವಳಿಗೆ ನೈರೋಬಿಯಲ್ಲಿದ್ದ ಊರವರೆಲ್ಲ ಒಂದೆಡೆ ಸೇರಿದ್ದೆವು. ಗೋದಾಮಿಗೆ ಬಂದಿದ್ದ ಅದೇ ಮನುಷ್ಯ ತಂಗಿಯ ಬಳಿ ಹೋಗಿ, "ನಿಮ್ಮ ದೊಡ್ಡಮ್ಮ ಹೋದರಂತೆ, ಮಳೆಗಾಲದಲ್ಲಿ. ಪಾಪ, ಕೊನೆಯವರೆಗೂ ನಿಮ್ಮನ್ನೇ ಕೇಳ್ತಿದ್ದರು," ಎಂದರು. "ಯಾವ ದೊಡ್ಡಮ್ಮ?" ಎಂದಳು ತಂಗಿ. ಅವರು ಎಲ್ಲವನ್ನೂ ಹೇಳಿದರು.

ನಾನು ಅಂಗಳದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ತಂಗಿ ನೇರ ನನ್ನೆದುರಿಗೆ ಬಂದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಇಂಡಿಯಾಕ್ಕೆ ಹೋಗೋ ಮುಂಚೆಯೇ?"

"ಹೌದು."

"ವೈ? ಯಾಕೆ ಹೇಳಲಿಲ್ಲ?"

ಕ್ಷಮೆ ಕೇಳಬೇಕಾದ ಜಾಗ ಅದು. ನಾನು ಅಂದದ್ದು, "ನಿನಗೆ ಸ್ಕಾಟ್‌ಲೆಂಡಿನ ಅಜ್ಜಿಯರು ಇದ್ದಾರಲ್ಲ, ಸಾಲದಾ?" ಎಂದು. ಸುತ್ತ ನಿಂತವರು ತಲೆ ತಗ್ಗಿಸಿದರು. ತಂಗಿ ಗೇಟು ದಾಟಿ ಹೋದಳು.

ಆಮೇಲೆ ಯಾವ ಭಾನುವಾರವೂ ಅವಳು ಬರಲಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತಿದ್ದಳು. ಹೆಂಡತಿ ವಿಷಯ ತಿಳಿದ ದಿನದಿಂದ ನನಗೆ ಬಡಿಸಿ ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ, ಯಾರೂ ಮಾತಾಡಲೂ ಇಲ್ಲ. ನನಗೆ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಇಳಿದಾಗ ಅದರ ಕೆಳಗೆ ಬೇರೇನೂ ಇರಲಿಲ್ಲ, ಹೊಟ್ಟೆಕಿಚ್ಚು ಮಾತ್ರ ಇತ್ತು.

ಒಂದು ಬೆಳಿಗ್ಗೆ ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಕಿಲೆಲೆಶ್ವಾದ ಅವಳ ಫ್ಲ್ಯಾಟಿಗೆ ಹೋದೆ. ಒಳಗಿನ ಬಾಗಿಲು ತೆರೆದಳು. ಹೊರಗಿನ ಕಬ್ಬಿಣದ ಸರಳಿನ ಬಾಗಿಲಿಗೆ ಬೀಗ ಹಾಗೇ ಇತ್ತು.

"ಅತ್ತಿಗೆ ಕಳ್ಸಿದ್ದಾ?"

"ಅಲ್ಲ. ನಾನೇ ಬಂದೆ."

"ಹಾಗಾದ್ರೆ ಅಲ್ಲೇ ನಿಂತು ಹೇಳು."

"ಅಪ್ಪ ನನ್ನನ್ನು ಶಾಲೆ ಬಿಡಿಸಿ..."

"ಅದು ಅಪ್ಪ ಮಾಡಿದ್ದು. ನೀನು ಮಾಡಿದ್ದು ಹೇಳು."

ಮೇಲಿನ ಮನೆಯವರು ಮೆಟ್ಟಿಲಿಳಿದು ಬರುತ್ತಿದ್ದರು. ಅವರು ದಾಟಿ ಹೋಗಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

"ದೊಡ್ಡಮ್ಮ ನಿನ್ನನ್ನು ಕೇಳಿದ್ದರು. ನಾನು ಹೇಳಲಿಲ್ಲ. ನಿನಗೆ ಓದು ಸಿಕ್ಕಿತು, ದೊಡ್ಡಮ್ಮನಾದರೂ ನನಗೊಬ್ಬನಿಗೇ ಇರಲಿ ಅಂತ ಹೊಟ್ಟೆಕಿಚ್ಚಿಗೆ ಬಚ್ಚಿಟ್ಟೆ. ನಿನಗೂ ಮೋಸ ಮಾಡಿದೆ, ಕಾಯ್ತಾ ಇದ್ದ ಅವರಿಗೂ ಮೋಸ ಮಾಡಿದೆ. ತಪ್ಪಾಯ್ತು ತಂಗಿ. ನನ್ನನ್ನು ಕ್ಷಮಿಸು."