ಬ್ರೇಕಿಲ್ಲದ ಸೀಟು

ಸೋಫಾ ಅಂಗಡಿಯಾಕೆಗೆ ಒಂದು ಚಟ. ಸೋಫಾ ರಿಪೇರಿಗೆಂದು ಯಾರ ಮನೆಗೆ ಹೋಗಲಿ, ಮನೆಯವರ ಮುಖಕ್ಕಿಂತ ಮೊದಲು ಅವರು ಕೂರುವ ಜಾಗ ನೋಡುತ್ತಾಳೆ. ಸೀಟಿನ ಬಲಮೂಲೆ ಕುಸಿದಿದ್ದರೆ ಆ ಮನೆಯ ಯಜಮಾನರು ಟೀವಿ ರಿಮೋಟನ್ನು ಯಾರ ಕೈಗೂ ಕೊಡುವವರಲ್ಲ. ಕೈಯಿಡುವ ಕಡೆ ಬಟ್ಟೆ ಸವೆದು ನೂಲೆದ್ದಿದ್ದರೆ ಯಾರೋ ದಿನವೂ ಅಲ್ಲಿ ಕೂತು ಏನನ್ನೋ ಚಿಂತಿಸುತ್ತಾರೆ. ಇದನ್ನೆಲ್ಲ ಗಿರಾಕಿಯ ಎದುರು ಹೇಳುವ ಹಾಗಿಲ್ಲ, ಹೇಳಿದರೆ ಗಿರಾಕಿ ಪಕ್ಕದ ಬೀದಿಯ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ತಡೆದುಕೊಂಡದ್ದನ್ನು ಮನೆಗೆ ಬಂದು ಗಂಡನ ಮುಂದೆ ಬಿಚ್ಚಿಡುತ್ತಾಳೆ. "ನೀನು ಪೊಲೀಸ್ ಇಲಾಖೆಗೆ ಸೇರ್ಬೇಕಿತ್ತು ಕಣೇ" ಎಂದು ಅವನು ನಗುತ್ತಾನೆ.

ಗಂಡ ಬಸ್ ಡ್ರೈವರ್ ಆಗಿದ್ದವನು. ಜೀವಮಾನವಿಡೀ ದೊಡ್ಡ ಸ್ಟಿಯರಿಂಗ್ ತಿರುಗಿಸಿದ ಕೈ ಅವನದು. ಕಣ್ಣಿನ ಕಾಯಿಲೆ ಅಂಚಿನಿಂದ ಶುರುವಾಗಿ ಒಳಗೊಳಗೇ ತಿನ್ನುತ್ತ ಬಂದು, ಕೊನೆಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬುದಷ್ಟೇ ಅವನಿಗೆ ಉಳಿಯಿತು. ಆಮೇಲೆ ಅವನು ಹೆಂಡತಿಯ ಅಂಗಡಿಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತ. ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಕೇಳಿ, "ಇವನು ಗೇರ್ ಸರಿಯಾಗಿ ಹಾಕಲ್ಲ" ಎಂದು ಗೊಣಗುವುದೇ ಅವನ ಕೆಲಸವಾಯಿತು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು.

ಆದರೆ ಆಕೆ ಕೈಕಟ್ಟಿ ಕೂರುವ ಜೀವವಲ್ಲ. ಒಂದು ದಿನ ಯಾರೋ ಮಾರುತ್ತಿದ್ದ ಹಳೆಯ ಜೋಡಿ ಸೈಕಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿದಳು. ಎರಡು ಸೀಟು, ಎರಡು ಜೊತೆ ಪೆಡಲ್. ತಿರುಗಿಸುವ ಹ್ಯಾಂಡಲ್ಲೂ ಬ್ರೇಕೂ ಗೇರೂ ಮುಂದಿನವರ ಬಳಿ. ಹಿಂದಿನವರಿಗೆ ಹಿಡಿದುಕೊಳ್ಳಲು ಒಂದು ಅಲುಗದ ಕಂಬಿ, ಅಷ್ಟೆ. ಡ್ರೈವರ್ ಅದನ್ನು ಮುಂದಿನಿಂದ ಹಿಂದಿನವರೆಗೆ ಕೈಯಾಡಿಸಿ ನೋಡಿ, "ನನಗೆ ಬ್ರೇಕೇ ಇಲ್ವಲ್ಲೇ!" ಎಂದ.

"ನಾನಿದ್ದೀನಲ್ಲ" ಎಂದಳು ಆಕೆ.

ಹೀಗೆ ಶುರುವಾಯಿತು. ಮುಂದೆ ಕೂತವಳು ರಸ್ತೆಯನ್ನು ಬಾಯಿಂದ ಹೇಳಬೇಕು. ಎಡಕ್ಕೆ, ಬಲಕ್ಕೆ, ಬ್ರೇಕ್, ಉಬ್ಬು. ಎಲ್ಲಕ್ಕಿಂತ ಮುಖ್ಯವಾದದ್ದು ಗುಂಡಿ. "ಗುಂಡಿ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಿಂದಿನವನು ಸೀಟಿನಿಂದ ಚೂರು ಎದ್ದು ಮಂಡಿ ಸಡಿಲ ಬಿಡುತ್ತಾನೆ, ಏಟು ಕಾಲಿಗೆ ಬಿದ್ದು ಹೋಗುತ್ತದೆ. ಹೇಳದೆ ಗುಂಡಿಗೆ ಇಳಿಸಿದರೆ ಅದೇ ಏಟು ಬಾಲಮೂಳೆಯಿಂದ ಹೊರಟು ತಲೆಬುರುಡೆಗೆ ಬಡಿಯುತ್ತದೆ. ಮೊದಲ ವಾರ ಆಕೆಯ ಗಂಟಲು ಒಡೆದುಹೋಯಿತು, ಅವನ ಮುಖಕ್ಕೆ ಕಳೆ ಬಂತು. ಭಾನುವಾರ ಬೆಳಗಾಗುವುದನ್ನು ಅವನು ಮಗುವಿನ ಹಾಗೆ ಕಾಯತೊಡಗಿದ. ಅವನ ಪಾಲಿಗೆ ಉಳಿದ ರಸ್ತೆ ಎಂದರೆ ಆ ಭಾನುವಾರ ಒಂದೇ, ಅದು ಹೋದರೆ ಮತ್ತೆ ಬಾಗಿಲಲ್ಲಿನ ಕುರ್ಚಿಯೇ ಗತಿ.

ಆಕೆಯ ತಮ್ಮ ಡ್ರಿಲ್ ಮೇಷ್ಟ್ರು. ಸೈಕಲ್ ಸವಾರರ ಗುಂಪು ಕಟ್ಟಿದವನು ಅವನೇ, ಶಾಲೆಯ ಸೀಟಿಯನ್ನು ಭಾನುವಾರವೂ ಕತ್ತಿಗೆ ಹಾಕಿಕೊಂಡು ಬರುತ್ತಿದ್ದ. ಊರಾಚೆಯ ಗುಡ್ಡದ ನೆತ್ತಿಯವರೆಗೆ ಹತ್ತುವುದು, ಅಲ್ಲಿನ ಹೋಟೆಲಿನಲ್ಲಿ ಕೂತು ದಣಿವಾರಿಸಿಕೊಳ್ಳುವುದು, ಮತ್ತೆ ಇಳಿಯುವುದು. ತಕರಾರು ಹುಟ್ಟಿದ್ದು ಆ ಹೋಟೆಲಿನಲ್ಲಿ. ಅಲ್ಲಿ ತಣ್ಣನೆಯ ಬಿಯರ್ ಸಿಗುತ್ತಿತ್ತು.

ಮೇಷ್ಟ್ರು ಬೇಡವೇ ಬೇಡ ಎನ್ನುವವನು. "ಅಕ್ಕಾ, ಸಾಲಲ್ಲಿ ಹೋಗೋವಾಗ ಒಬ್ಬನ ಚಕ್ರಕ್ಕೂ ಇನ್ನೊಬ್ಬನ ಚಕ್ರಕ್ಕೂ ಮಧ್ಯೆ ಒಂದು ಗೇಣು ಜಾಗ ಇರುತ್ತೆ. ಆ ಗೇಣಲ್ಲಿ ಬಿಯರ್‌ಗೆ ಜಾಗ ಇಲ್ಲ."

ಗುಂಪಿನಲ್ಲೊಬ್ಬ ಲಾಯರ್. ಅವನದು ಬೇರೆಯೇ ಪಕ್ಷ. ನೀರಿನ ಬಾಟಲಿಯಲ್ಲಿ ಕೆಂಪು ವೈನ್ ತುಂಬಿಕೊಂಡು ಬರುತ್ತಿದ್ದ. "ಬಿಯರ್ ಹೊಟ್ಟೆ ಉಬ್ಬಿಸುತ್ತೆ, ಅದನ್ನ ಬಿಡಿ. ವೈನ್ ಅಂದ್ರೆ ದ್ರಾಕ್ಷಿ. ದ್ರಾಕ್ಷಿ ಅಂದ್ರೆ ಹಣ್ಣು. ಹಣ್ಣು ತಿಂದು ಸೈಕಲ್ ಹೊಡೀಬಾರ್ದು ಅಂತ ಯಾವ ಕಾನೂನಲ್ಲಿದೆ, ತೋರ್ಸಿ ಮೇಷ್ಟ್ರೇ." ಇಳಿಯುವಾಗ ಅವನ ಸೈಕಲ್ ರಸ್ತೆಯ ಈ ಅಂಚು ಆ ಅಂಚು ಎರಡನ್ನೂ ವಿಚಾರಿಸಿಕೊಂಡು ಹೋಗುತ್ತಿತ್ತು, ಕೇಳಿದರೆ ಗಾಳಿಯ ಮೇಲೆ ಗೂಬೆ ಕೂರಿಸುತ್ತಿದ್ದ.

ಸೋಫಾ ಅಂಗಡಿಯಾಕೆ ಬಿಯರಿನ ಪರ. ಒಂದೇ ಬಾಟಲಿ, ಅದಕ್ಕಿಂತ ಹೆಚ್ಚಿಲ್ಲ. ಆದರೆ ಆ ಒಂದರ ಬಗ್ಗೆ ಯಾರ ಮಾತಿಗೂ ಜಗ್ಗುತ್ತಿರಲಿಲ್ಲ. ವಾರವಿಡೀ ಮೊಳೆ, ಸುತ್ತಿಗೆ, ಸ್ಪಂಜಿನ ಧೂಳಿನಲ್ಲಿ ಬೆಂದವಳು, ಗುಡ್ಡ ಹತ್ತಿಸಿದ್ದಕ್ಕೆ ತನಗೆ ಇಷ್ಟೂ ಬೇಡವೇ ಎಂಬುದು ಆಕೆಯ ನ್ಯಾಯ.

"ಹತ್ತೋವಾಗ ಸುರಿದ ಬೆವರಿಗೇ ಅದು ಸಾಲಲ್ಲ ಕಣೋ. ಇನ್ನು ತಲೆಗೆ ಏರೋದು ಎಲ್ಲಿಂದ?" ಎಂದು ತಮ್ಮನ ಬಾಯಿ ಮುಚ್ಚಿಸುತ್ತಿದ್ದಳು. "ವಾಪಸ್ ಹೋಗೋವಾಗ ನೋಡು, ನಮ್ಮ ಸೈಕಲ್ ಹೂವಿನ ಹಾಗೆ ಇಳಿಯುತ್ತೆ. ಕೈ ಸಡಿಲ ಆಗುತ್ತಲ್ಲ, ಅದಕ್ಕೇ. ಹಿಂದಿನಿಂದ ಒಂದು ಕುಲುಕಾಟ ಇಲ್ಲ. ನಂಬಿಕೆ ಇಲ್ದಿದ್ರೆ ನಿನ್ನ ಭಾವನ್ನೇ ಕೇಳು."

ಎಲ್ಲರೂ ಭಾವನ ಕಡೆ ತಿರುಗುತ್ತಿದ್ದರು. ಅವನು ನಿಂಬೆಹಣ್ಣಿನ ಷರಬತ್ತು ಹೀರುತ್ತ, "ಗಾಡಿ ಓಡಿಸೋರು ಹೇಳಿದ್ದೇ ಸರಿ. ಪ್ಯಾಸೆಂಜರ್‌ಗೆ ಏನಪ್ಪಾ ಗೊತ್ತಾಗುತ್ತೆ?" ಎನ್ನುತ್ತಿದ್ದ. ಎಲ್ಲರೂ ಗೊಳ್ಳೆಂದು ನಗುತ್ತಿದ್ದರು, ಆಕೆ ಮೀಸೆಯಿದ್ದಿದ್ದರೆ ತಿರುವುತ್ತಿದ್ದಳು. ವಾದದಲ್ಲಿ ಸೋತು ಗೊತ್ತಿಲ್ಲದ ಹೆಂಗಸು.

ಒಂದು ಶನಿವಾರ ಸಂಜೆ, ಯಾವುದೋ ಆಸ್ಪತ್ರೆಯ ಬೆಂಚುಗಳಿಗೆ ಹೊದಿಸಿ ಉಳಿದ ಕಡುಗೆಂಪು ರೆಕ್ಸಿನ್ ತುಂಡು ಆಕೆಯ ಕಣ್ಣಿಗೆ ಬಿತ್ತು. ಸೈಕಲ್ಲಿನ ಸೀಟುಗಳಿಗೂ ಹೊಸ ಅಂಗಿ ಹೊಲಿದರೆ ಹೇಗೆ ಎನ್ನಿಸಿತು. ಎರಡನ್ನೂ ಬಿಚ್ಚಿ ಕತ್ತರಿಸುವ ಮೇಜಿನ ಮೇಲಿಟ್ಟಳು. ಗಂಡ ಅಲ್ಲೇ ಸ್ಟೂಲಿನ ಮೇಲೆ ಕೂತು ಬೆರಳಲ್ಲೇ ಅಳೆದು ದೊಡ್ಡ ಮೊಳೆ ಒಂದು ಡಬ್ಬಿಗೆ, ಸಣ್ಣದು ಇನ್ನೊಂದಕ್ಕೆ ಹಾಕುತ್ತಿದ್ದ.

ಆಕೆಯ ಸೀಟು ಕುಸಿದು ಅಂಗೈಯಂತೆ ಹಳ್ಳವಾಗಿತ್ತು. ಅದು ಸರಿಯೇ. ಅವನದನ್ನು ಎತ್ತಿಕೊಂಡು ಹೆಬ್ಬೆರಳಿಂದ ಒತ್ತಿದಳು. ನಡುವಿನ ಸ್ಪಂಜು ಕೊಂಚವೇ ತಗ್ಗಿತ್ತು, ಒತ್ತಿದರೆ ಪುಟಿದೇಳುತ್ತಿತ್ತು. ಅವನು ಆಕೆಗಿಂತ ತೂಕದ ಆಳು, ಸೀಟು ಇನ್ನೂ ಹೆಚ್ಚು ಕುಸಿದಿರಬೇಕಿತ್ತು. ತಿರುಗಿಸಿ ನೋಡಿದರೆ ಮೂತಿಯ ಎರಡೂ ಪಕ್ಕ ಉಜ್ಜಿ ಉಜ್ಜಿ ಹೊಳಪು ಬಂದು, ಒಂದು ಕಡೆ ಹೊಲಿಗೆಯೇ ಬಿಟ್ಟಿತ್ತು. ಬೇರೆಯವರ ಮನೆಯ ಸೀಟುಗಳನ್ನೆಲ್ಲ ಓದಿದವಳಿಗೆ ಇದನ್ನು ಓದಲು ಹೊತ್ತು ಬೇಕಾಗಲಿಲ್ಲ.

"ರೀ, ಸೈಕಲ್ ಮೇಲೆ ನೀವು ಕೂರೋದೇ ಇಲ್ವಾ?"

ಮೊಳೆಯ ಸದ್ದು ನಿಂತಿತು. "ಕೂರ್ತೀನಲ್ಲ."

"ನನ್ನ ಹತ್ರ ಸುಳ್ಳು ಹೇಳ್ಬೇಡಿ. ಮಧ್ಯೆ ಸರಿಯಾಗಿ ಕುಸಿದೇ ಇಲ್ಲ, ಎರಡೂ ಪಕ್ಕ ಸವೆದಿದೆ. ಕೂತೋರ ಸೀಟು ಹೀಗೆ ಸವೆಯಲ್ಲ. ತೊಡೆಯಲ್ಲಿ ಅವುಚಿಕೊಂಡು ನಿಂತೋರದ್ದು ಹೀಗೆ ಸವೆಯುತ್ತೆ."

ಅವನು ಕೈಯಲ್ಲಿದ್ದ ಮೊಳೆಯನ್ನು ಡಬ್ಬಿಗೆ ಹಾಕಿದ. ಆಮೇಲೆ, "ಹೋಗೋವಾಗ ಕೂತಿರ್ತೀನಿ. ಬರೋವಾಗ ನಿಂತಿರ್ತೀನಿ" ಎಂದ.

"ಯಾಕೆ? ನಾನು ಗುಂಡಿ ಅಂತ ಹೇಳಲ್ವಾ?"

"ಹೇಳ್ತೀಯ. ಗುಂಡಿ ದಾಟಿದ ಮೇಲೆ."

ಆಕೆ ಸೀಟನ್ನು ಮೇಜಿನ ಮೇಲಿಟ್ಟಳು.

"ಹತ್ತೋವಾಗ ಸರಿಯಾಗಿ ಹೇಳ್ತೀಯ ಕಣೇ, ನನ್ನ ಕಂಡಕ್ಟರ್ ಕೂಡ ಅಷ್ಟು ಚೆನ್ನಾಗಿ ಸೀಟಿ ಹೊಡೀತಿರ್ಲಿಲ್ಲ. ಬಿಯರ್ ಆದ್ಮೇಲೆ ಮಾತು ಚೂರು ತಡವಾಗುತ್ತೆ. ಚೂರೇ. ಆದ್ರೆ ನನಗೆ ಆ ಚೂರೇ ಬೇಕಾಗಿದ್ದು. ಮೊದಮೊದಲು ನಾಲಿಗೆ ಕಚ್ಕೊಂಡೆ. ಆಮೇಲೆ ಈ ಉಪಾಯ ಮಾಡ್ದೆ, ಹೋಟೆಲ್ ಬಿಟ್ಟ ಕೂಡ್ಲೇ ಎದ್ದು ನಿಂತ್ಬಿಡೋದು. ಅಷ್ಟು ವರ್ಷ ಬಸ್ ಓಡಿಸಿದ್ನಲ್ಲ, ನಿಂತ ಪ್ಯಾಸೆಂಜರ್‌ಗಳು ಏನು ಪಾಡು ಪಡ್ತಿದ್ರು ಅಂತ ಈಗ ಗೊತ್ತಾಯ್ತು."

ಅವನು ನಕ್ಕ. ಆಕೆಗೆ ನಗು ಬರಲಿಲ್ಲ. ಹೂವಿನ ಹಾಗೆ ಇಳಿಯುತ್ತದೆ ಎಂದು ತಾನು ಮೆರೆದದ್ದು ಬಿಯರಿನ ಮಹಿಮೆಯಲ್ಲ, ಈ ಮುದುಕನ ಮಂಡಿಗಳದ್ದು. ಮೊದಲು ಸಿಟ್ಟು ನೆತ್ತಿಗೇರಿತು. "ಊರ ಮುಂದೆ ನಾನು ಹಾಗೆ ಕೊಚ್ಕೋತಾ ಇದ್ರೆ ನೀವು ಷರಬತ್ತು ಕುಡೀತಾ ಕೂತಿದ್ರಾ? ಹೇಳೋಕೆ ಬಾಯಿ ಇರ್ಲಿಲ್ವಾ?"

"ಹೇಳಿದ್ರೆ ಏನು ಮಾಡ್ತಿದ್ದೆ?" ಎಂದ ಅವನು ಮೆಲ್ಲಗೆ. "ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಅಯ್ಯೋ ಇವ್ರಿಗೆ ಏಟಾಗುತ್ತೆ ಅಂತ ಸೈಕಲ್ಲನ್ನೇ ಮಾರಿಬಿಡ್ತಿದ್ದೆ. ನಿಂತ್ಕೊಂಡಾದ್ರೂ ಹೋಗ್ತಿದ್ದೀನಲ್ಲ ಅಂತ ಸುಮ್ನಿದ್ದೆ."

ಅದು ನಿಜ. ಕೆಲಸದಲ್ಲಿದ್ದಾಗ ಈ ಮನುಷ್ಯ ಬಸ್ ಹತ್ತುವ ದಿನ ಒಂದು ಹನಿ ಮುಟ್ಟಿದವನಲ್ಲ, ಹಿಂದೆ ನಿದ್ದೆ ಮಾಡುವವರು ಇರುತ್ತಾರೆ ಎನ್ನುತ್ತಿದ್ದ. ಅಂಥವನನ್ನು ತಾನು ವಾರವಾರವೂ ಗುಡ್ಡದಿಂದ ನಿಲ್ಲಿಸಿಕೊಂಡು ಇಳಿಸಿದ್ದಳು. ಆಕೆಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಸೈಕಲ್ ಮಾರುವ ಯೋಚನೆಯೂ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಆಮೇಲೆ ಸುತ್ತಿಗೆ ಎತ್ತಿಕೊಂಡು ಎರಡೂ ಸೀಟಿಗೆ ರೆಕ್ಸಿನ್ ಹೊದಿಸಿದಳು, ಅವನದಕ್ಕೆ ಒಂದು ಪದರ ಸ್ಪಂಜು ಹೆಚ್ಚಿಗೆ ಇಟ್ಟು.

ಮರುದಿನ ಗುಡ್ಡದ ಹೋಟೆಲಿನಲ್ಲಿ ಮಾಣಿ ಕೇಳದೆಯೇ ಬಿಯರ್ ತಂದಿಟ್ಟ. ಆಕೆ ಅದನ್ನು ಗಂಡನ ಕಡೆ ತಳ್ಳಿದಳು.

"ಕೇಳ್ರಪ್ಪಾ ಎಲ್ಲರೂ. ಇವತ್ತಿಂದ ಅರ್ಧದಾರೀಲಿ ನನಗೆ ಇದು ಬೇಡ. ವಾದದಲ್ಲಿ ನಾನು ಸೋತಿಲ್ಲ, ಅದು ನೆನಪಿರ್ಲಿ. ಆದ್ರೆ ನಾನು ಹೇಳಿದ್ದು ತಪ್ಪು."

ಲಾಯರ್ ಕುರ್ಚಿಯಿಂದ ಅರ್ಧ ಎದ್ದ. "ಏನಕ್ಕಾ ಇದು, ಪಕ್ಷ ಬದಲಾಯಿಸಿಬಿಟ್ರಿ! ಸಾಕ್ಷಿ ಏನು?"

"ಸಾಕ್ಷಿ ನನ್ನ ಹಿಂದೆ ಕೂತಿದೆ. ಕೂತಿದೆ ಅಂತ ನಾನು ಅಂದ್ಕೊಂಡಿದ್ದೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಮ್ಮನ ತುಟಿಯಂಚಿನಲ್ಲಿ ನಗು ಮೂಡುತ್ತಿದ್ದದ್ದು ಕಂಡು, "ನೀನು ಆ ನಗು ಒರೆಸ್ಕೋ ಮೊದ್ಲು" ಎಂದು ಗದರಿದಳು. "ಬಿಯರ್ ಬೇಕಾದೋರಿಗೆ ಬಿಯರ್, ವೈನ್ ಬೇಕಾದೋರಿಗೆ ವೈನ್. ಎಲ್ಲಾ ಸೈಕಲ್‌ನೂ ನನ್ನ ಅಂಗಡಿ ಗೋಡೆಗೆ ಒರಗಿಸಿದ ಮೇಲೆ. ಕೂರೋಕೆ ಸೋಫಾಗೇನು ಬರವಿಲ್ಲ."

ಲಾಯರ್ ತನ್ನ ನೀರಿನ ಬಾಟಲಿಯನ್ನು ಒಮ್ಮೆ, ಡ್ರೈವರನ ಕಾಣದ ಕಣ್ಣುಗಳನ್ನು ಒಮ್ಮೆ ನೋಡಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ಗಾಳಿಯ ಬಗ್ಗೆ ಆವತ್ತು ಅವನು ಏನೂ ಹೇಳಲಿಲ್ಲ.

"ನೀವು ಕುಡೀರಿ" ಎಂದಳು ಆಕೆ ಗಂಡನಿಗೆ. "ನಿಮಗೆ ಬ್ರೇಕೂ ಇಲ್ಲ, ಹ್ಯಾಂಡಲ್ಲೂ ಇಲ್ಲ. ಯಾರ ಅಡ್ಡಿ?"

ಅವನು ಬಾಟಲಿಯನ್ನು ಕೈಯಿಂದ ತಡವಿ ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಬೇಡ ಬಿಡು. ನಿಂತ್ಕೊಂಡು ಹೋಗೋನು ಕುಡೀಬಾರ್ದು."

ಎಲ್ಲರೂ ನಕ್ಕರು. ಆಕೆಗೆ ಮಾತ್ರ ಅದು ಚುಚ್ಚಿತು. ಇಳಿಯುವಾಗ ಪ್ರತಿ ಗುಂಡಿಯನ್ನೂ ಮುಂಚೆಯೇ ಕೂಗಿದಳು, ಸಣ್ಣ ಕಲ್ಲನ್ನೂ ಬಿಡಲಿಲ್ಲ. ಆದರೂ ಸೈಕಲ್ ಹೂವಿನ ಹಾಗೆಯೇ ಇಳಿಯಿತು. ಅವನು ನಿಂತೇ ಇದ್ದ. ಮನೆ ತಲುಪಿದ ಮೇಲೆ ಆಕೆ ಅದರ ಸುದ್ದಿ ಎತ್ತಲಿಲ್ಲ. ಕೂತುಕೊಳ್ಳಿ ಎಂದು ಹೇಳಿದರೆ ಅವನು ಕೂರುತ್ತಾನೆ, ಹೆಂಡತಿಯ ಮನಸ್ಸು ನೋಯಬಾರದೆಂದು ಹಲ್ಲು ಕಚ್ಚಿಕೊಂಡು ಕೂರುತ್ತಾನೆ. ಆಕೆಗೆ ಬೇಕಾಗಿದ್ದದ್ದು ಹಾಗೆ ಕೂರುವುದಲ್ಲ.

ಕೆಲವು ಭಾನುವಾರ ಹೀಗೇ ಹೋದವು. ಸವಾರಿ ಮುಗಿದ ಮೇಲೆ ಅಂಗಡಿಯಲ್ಲಿ ಮಾರಾಟವಾಗದ ಸೋಫಾಗಳ ಮೇಲೆ ಗುಂಪು ಹರಡಿಕೊಂಡು ಬಿಯರ್ ಹೆಚ್ಚೋ ವೈನ್ ಹೆಚ್ಚೋ ಎಂದು ಕಿತ್ತಾಡುತ್ತಿತ್ತು. ಆಕೆ ಎಂದಿನಂತೆ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ರಸ್ತೆಯಲ್ಲಿ ಮಾತ್ರ ಗುಂಡಿಯ ಹೊರತು ಬೇರೆ ಮಾತಿಲ್ಲ. ಹೇಗೂ ಒಂದು ದಿನ ಕೂರಿಸಿಯೇ ತೀರುತ್ತೇನೆ ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಎಂಥೆಂಥ ಹಟಮಾರಿ ಸ್ಪ್ರಿಂಗುಗಳನ್ನು ಕೂರಿಸಿದ ಕೈ ಅದು.

ಆವತ್ತು ಹೋಟೆಲು ಬಿಟ್ಟು ಇಳಿಜಾರಿನ ಮೊದಲ ತಿರುವು ದಾಟಿದ್ದರು. ಹಿಂದಿನಿಂದ ಏನೋ ಸರಸರ ಸದ್ದು ಬಂತು. ಆಕೆ ಕಿವಿಗೊಟ್ಟಳು. ಪೆಪ್ಪರ್‌ಮೆಂಟಿನ ಕಾಗದ ಬಿಚ್ಚುವ ಸದ್ದು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕಂಬಿಯಿಂದ ಎರಡೂ ಕೈ ತೆಗೆದು, ನಿಂತುಕೊಂಡು, ಇಳಿಜಾರಿನಲ್ಲಿ ಯಾರಿಂದಲೂ ಆಗದು. ಆಗ ಆಕೆಗೆ ಸೈಕಲ್ಲಿನ ಹಿಂಭಾಗ ಭಾರವಾಗಿ ರಸ್ತೆಗೆ ಕಚ್ಚಿಕೊಂಡಿರುವುದು ಹ್ಯಾಂಡಲ್ಲಿನಲ್ಲೇ ತಿಳಿಯಿತು.

"ಏನೇ, ಬಾಯಿ ತೆಗಿ. ನಿನಗೂ ಒಂದಿದೆ" ಎಂದ ಅವನು, ಕೆನ್ನೆಯಲ್ಲಿ ಪೆಪ್ಪರ್‌ಮೆಂಟು ಒತ್ತಿಕೊಂಡು.

"ಈಗ ಬೇಡ ರೀ. ಕೆಳಗೆ ಹೋದ ಮೇಲೆ ಕೊಡಿ. ನನ್ನ ಬಾಯಿ ಖಾಲಿ ಇರ್ಬೇಕು."

ಕಣ್ಣು ತುಂಬಿ ರಸ್ತೆ ಮಸುಕಾಗತೊಡಗಿತು. ಅಳುವ ಹೊತ್ತಲ್ಲ ಇದು ಎಂದು ತನ್ನನ್ನೇ ಬೈದುಕೊಂಡು ರೆಪ್ಪೆ ಬಡಿದಳು. ಮುಂದೆ ಒಂದು ದೊಡ್ಡ ಗುಂಡಿ ಕಾಣಿಸಿತು. "ಗುಂಡಿ" ಎಂದು ಹೊತ್ತಿಗೆ ಸರಿಯಾಗಿ ಕೂಗಿದಳು. ಹಿಂದಿನವನು ಎದ್ದ, ಗುಂಡಿ ದಾಟಿತು, ಅವನು ಮತ್ತೆ ಕೂತ.