ಯಲೋವಾದಲ್ಲಿ ಪಕ್ಕದ ಹಾಸಿಗೆಯವಳು

ನನ್ನ ಅಕ್ಕ ಗುಬ್ಬಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಜೊತೆಯ ಟೀಚರುಗಳು ಟರ್ಕಿ ಪ್ರವಾಸಕ್ಕೆ ಹೊರಟಾಗ ಅವಳು ಹಿಂದೆಮುಂದೆ ನೋಡಿದಳು. "ಮಕ್ಕಳಿಗೆ ಮ್ಯಾಪಲ್ಲಿ ತೋರ್ಸಿದ್ದು ಸಾಕು, ಹೋಗ್ಬಾ ಅಕ್ಕ" ಎಂದು ಒತ್ತಾಯಿಸಿದವನು ನಾನೇ.

ಇಸ್ತಾಂಬುಲ್‌ನಿಂದ ಹಡಗಿನಲ್ಲಿ ಸಮುದ್ರ ದಾಟಿದರೆ ಯಲೋವಾ. ಊರಾಚೆ ಕಾಡಿನ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ಕತ್ತಿನವರೆಗೆ ಮುಳುಗಿ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ನಗುತ್ತಿರುವ ಫೋಟೋವನ್ನು ಅಕ್ಕ ಕಳಿಸಿದಳು. ಕುಣಿಗಲ್‌ನ ನನ್ನ ಮೋಟಾರ್ ರಿಪೇರಿ ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿದೆ. ಒಂದು ಗಂಟೆಯೂ ಕಳೆದಿರಲಿಲ್ಲ, ಅವಳ ಗೆಳತಿಯ ಫೋನು ಬಂತು. ಕೊಳದಿಂದ ಮೇಲೆ ಬರುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಅಕ್ಕನ ಸೊಂಟದ ಮೂಳೆ ಮುರಿದಿತ್ತು.

ಮರುದಿನ ಆಸ್ಪತ್ರೆಯಿಂದ ಅಕ್ಕನೇ ಮಾತಾಡಿದಳು. ಆಪರೇಷನ್ನಿನ ಒಪ್ಪಿಗೆ ಪತ್ರದ ಫೋಟೋ ಕಳಿಸಿದ್ದಳು. ಪೂರಾ ಟರ್ಕಿ ಭಾಷೆ. ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ ಅರ್ಧ ಕನ್ನಡ, ಅರ್ಧ ಗೊಂದಲ.

"ಸೈನ್ ಹಾಕ್ಲೇನೋ?" ಎಂದಳು. ಜೀವನದಲ್ಲಿ ಅವಳು ನನ್ನ ಅಪ್ಪಣೆ ಕೇಳಿದ್ದು ಅದೇ ಮೊದಲು.

"ಹಾಕಕ್ಕ" ಎಂದೆ. ಅದರಲ್ಲಿ ಏನು ಬರೆದಿದೆ ಎಂದು ನನಗೂ ಗೊತ್ತಿರಲಿಲ್ಲ.

ಹೊರಟುಬಿಡೋಣವೆಂದರೆ ನನ್ನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ತುಮಕೂರಿನ ಪಾಸ್‌ಪೋರ್ಟ್ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ಸಮಾಧಾನವಾಗಿಯೇ ಹೇಳಿದರು: "ಪಾಸ್‌ಪೋರ್ಟ್ ಬೇಗ ಮಾಡ್ಸ್‌ಬೋದು ಸಾರ್. ಆಮೇಲೆ ವೀಸಾ. ಅಷ್ಟೊತ್ತಿಗೆ ನಿಮ್ಮಕ್ಕನೇ ಬಂದಿರ್ತಾರೆ." ಬಸ್‌ಸ್ಟ್ಯಾಂಡಿಗೆ ಬಂದು ಕೂತೆ. ಕುಣಿಗಲ್‌ ಬಸ್ಸು ಎರಡು ಹೋದವು, ಹತ್ತಲಿಲ್ಲ.

ಆಪರೇಷನ್ ಆದ ಎರಡು ದಿನಕ್ಕೆ ಗೆಳತಿಯರು ವಾಪಸಾಗಬೇಕಾಯಿತು. ಅಳುತ್ತಲೇ ಹೊರಟರಂತೆ. ಅಕ್ಕ ಒಬ್ಬಳೇ ಉಳಿದಳು. ದಿನಾ ಅಂಗಡಿ ತೆರೆದ ಕೂಡಲೇ ವೀಡಿಯೋ ಕಾಲ್ ಮಾಡುತ್ತಿದ್ದೆ. "ತಿಂಡಿ ಆಯ್ತಾ?" ಎಂದು ಕೇಳುವುದನ್ನು ಬಿಟ್ಟು ಮಾಡಲು ಇನ್ನೇನೂ ಇರಲಿಲ್ಲ.

ಒಂದು ದಿನ ಫೋನಿನಲ್ಲಿ ಬಿಳಿ ಸ್ಕಾರ್ಫಿನ ಮುದುಕಿಯೊಬ್ಬಳು ಕಂಡಳು. ಪಕ್ಕದ ಹಾಸಿಗೆಯವಳು. ಅವಳಿಗೂ ಸೊಂಟವೇ ಮುರಿದಿತ್ತು.

"ಮಗ ಸೂಪ್ ತಂದ್ರೆ ಅರ್ಧ ನಂಗೆ ಕೊಡ್ತಾಳೆ ಕಣೋ" ಎಂದಳು ಅಕ್ಕ.

"ಏನ್ ಮಾತಾಡ್ತೀರಾ ಇಬ್ರೂ?"

"ನಾನು ನಮ್ ಬೆಳ್ಳಾವಿ ಹೊಲದ ವಿಷ್ಯ ಹೇಳ್ತೀನಿ. ಅವಳು ಏನೋ ಹೇಳ್ತಾಳೆ. ಹೊತ್ತು ಹೋಗುತ್ತೆ."

ಮೂರು ವಾರದ ನಂತರ ವಿಮಾನದವರು ವೀಲ್‌ಚೇರಿನಲ್ಲಿ ಅಕ್ಕನನ್ನು ಏರ್‌ಪೋರ್ಟಿನ ಹೊರಗೆ ತಂದುಬಿಟ್ಟರು. ಕಾರಿಗೆ ಹತ್ತಿಸಲು ಎತ್ತಿದಾಗ ನೋವಿಗೆ ನನ್ನ ಅಂಗಿ ಹಿಡಿದುಕೊಂಡಳು. ಇವತ್ತಿಗೂ ವಾಕರ್ ಇಲ್ಲದೆ ನಡೆಯಲಾರಳು. "ನೀನ್ ಹೇಳಿದ್ದಕ್ಕೇ ಹೋದೆ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಕ್ಕ ಊರಿಗೆ ಬಂದ ಮೇಲೂ ಆ ಮುದುಕಿ ಪ್ರತಿ ಶುಕ್ರವಾರ ಮಧ್ಯಾಹ್ನ ತಪ್ಪದೆ ವೀಡಿಯೋ ಕಾಲ್ ಮಾಡುತ್ತಿದ್ದಳು. ಹಿಂದೆ ಕಿಟಕಿ, ಅದರಾಚೆ ಸಮುದ್ರ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಅರ್ಧ ಗಂಟೆ ಮಾತಾಡುತ್ತಿದ್ದರು. ಈಗ ಎರಡು ತಿಂಗಳಿಂದ ಕಾಲ್ ಇಲ್ಲ. ಫೋನಿನ ಅನುವಾದದಲ್ಲೇ ಮೆಸೇಜ್ ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

"ಅವಳ ಮಗನ ನಂಬರ್ ಇಸ್ಕೋಬೇಕಿತ್ತು" ಎಂದಳು ಅಕ್ಕ, ಕಳೆದ ಭಾನುವಾರ ನಾನು ಗುಬ್ಬಿಗೆ ಹೋದಾಗ. ನಾನು ಅವಳ ಫೋನು ಕೈಗೆ ತೆಗೆದುಕೊಂಡೆ.

"ಇನ್ನೊಂದ್ಸಲ ಮಾಡ್ನೋಡು."

ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಅಕ್ಕ ಬೆರಳಿನಿಂದ ತಲೆಗೂದಲು ಸರಿಮಾಡಿಕೊಂಡು ಸ್ಕ್ರೀನನ್ನೇ ನೋಡುತ್ತ ಕೂತಿದ್ದಳು.